ಅಪಕೃತ್ಯ ನ್ಯಾಯದಲ್ಲಿ ಮನೋಹೇತುವಿನ ಸ್ಥಾನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಬೇಸಾಯದ ಚರಿತ್ರೆಯೆಂದರೆ ಬಹುಮಟ್ಟಿಗೆ ನೀರಿನ ಚರಿತ್ರೆಯೇ ಸರಿ. ಹಡಗಲಿ, ಹರಪನಹಳ್ಳಿಗಳ ಒಂದು ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಮಾಲವಿಯಲ್ಲಿ ಹಗರಿಗೆ ಕಟ್ಟಿದ ಜಲಾಶಯವಿದೆ. ಉಳಿದಂತೆ ಇದು ಮಳೆಯನ್ನೂ ಕೆರೆಯನ್ನೂ ಬಾವಿಯನ್ನೂ ನಂಬಿದ ನಾಡು. ನೆಲದಡಿಯ ಗಟ್ಟಿ ಶಿಲೆಯ ಬಿರುಕುಗಳಲ್ಲಿ ನಿಂತ ನೀರೇ ಇಲ್ಲಿಯ ಬಾವಿಗಳಿಗೆ ಆಧಾರ. ಆ ಬಿರುಕುಗಳು ಹೊಲದ ಬದುವನ್ನು ಕಂಡು ನಿಲ್ಲುವಂಥವಲ್ಲ. ಆದಕಾರಣ ಒಬ್ಬನ ಹೊಲದಲ್ಲಿ ತೋಡಿದ ಬಾವಿಯು ಪಕ್ಕದವನ ಬಾವಿಯ ನೀರನ್ನು ಸೆಳೆದುಕೊಳ್ಳುವುದುಂಟು.

ಒಂದು ಕಲ್ಪಿತ ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಅಣ್ಣತಮ್ಮಂದಿರಿಬ್ಬರು ಪಾಲಾದರು. ಅಣ್ಣನ ಪಾಲಿಗೆ ಬಾವಿಯುಳ್ಳ ಹೊಲ ಬಂದಿತು. ತಮ್ಮನ ಪಾಲಿಗೆ ಅದರ ಪಕ್ಕದ ಬೆದ್ದಲು. ಮನಸ್ಸು ಮುರಿದ ತಮ್ಮನು ಅಣ್ಣನ ಬಾವಿಗೆ ಹತ್ತು ಮಾರು ದೂರದಲ್ಲಿ, ತನ್ನ ಬದುವಿನ ಒಳಗೆ, ಆಳವಾದ ಕೊಳವೆಬಾವಿಯನ್ನು ಕೊರೆಯಿಸಿದನು. ಅವನಿಗೆ ಬೆಳೆಯಿಡುವ ಆತುರವಿರಲಿಲ್ಲ. ‘ಅವನ ಬಾವಿ ಬತ್ತಲಿ’ ಎಂದು ಊರವರೆದುರಿಗೇ ಆಡಿಕೊಂಡಿದ್ದನು. ಬಾವಿ ಬತ್ತಿತು, ಅಣ್ಣನ ತೋಟ ಒಣಗಿತು. ಅಣ್ಣನು ನ್ಯಾಯಾಲಯದ ಮೆಟ್ಟಿಲೇರಿದರೆ ಅವನಿಗೆ ಪರಿಹಾರ ದೊರೆಯುವುದೇ?

ಊರಿನ ಕಟ್ಟೆಯ ಮೇಲೆ ಕುಳಿತ ಹಿರಿಯರು ತಮ್ಮನದು ತಪ್ಪೆಂದು ಒಂದೇ ಮಾತಿನಲ್ಲಿ ಹೇಳಿಯಾರು. ಆದರೆ ಅಪಕೃತ್ಯ ನ್ಯಾಯದ ಪ್ರಾಚೀನ ಸಿದ್ಧಾಂತವು ‘ಪರಿಹಾರವಿಲ್ಲ’ ಎನ್ನುತ್ತದೆ. ಸಾಮಾನ್ಯ ಬುದ್ಧಿಗೆ ಒಗ್ಗದಂತೆ ತೋರುವ ಈ ಉತ್ತರದ ಹಿಂದಿರುವ ತತ್ತ್ವವೇನು, ಅದಕ್ಕಿರುವ ಅಪವಾದಗಳೇನು, ಇಂದು ಅದು ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಪಕೃತ್ಯದ ಲಕ್ಷಣ

ಆಂಗ್ಲ ನ್ಯಾಯಶಾಸ್ತ್ರದಲ್ಲಿ ‘ಟಾರ್ಟ್’ ಎಂದು ಹೆಸರಾದುದನ್ನು ಕನ್ನಡದಲ್ಲಿ ‘ಅಪಕೃತ್ಯ’ವೆಂದು ಕರೆಯುವ ರೂಢಿಯಿದೆ. ಟಾರ್ಟ್ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯದು. ತಿರುಚಿದುದು, ಡೊಂಕಾದುದು ಎಂದು ಅದರ ಅರ್ಥ. ನೇರವಾದ ನಡೆಯಿಂದ ಡೊಂಕಾಗಿ ಇನ್ನೊಬ್ಬನ ಹಕ್ಕನ್ನು ಭಂಗಗೊಳಿಸಿದವನು ಅವನಿಗೆ ನಷ್ಟವನ್ನು ತುಂಬಿಕೊಡಬೇಕೆಂಬುದು ಈ ಶಾಖೆಯ ಸಾರ. ಅಪರಾಧಕ್ಕೆ ದಂಡನೆ ವಿಧಿಸುವುದು ರಾಜ್ಯದ ಕಾರ್ಯ. ಕರಾರಿನ ಭಂಗಕ್ಕೆ ಕರಾರೇ ಆಧಾರ. ಅಪಕೃತ್ಯದಲ್ಲಿಯಾದರೋ ಪರಸ್ಪರ ಒಪ್ಪಂದವೇ ಇಲ್ಲದ ಇಬ್ಬರ ನಡುವೆಯೂ ನ್ಯಾಯವು ಹೊಣೆಯನ್ನು ಕಟ್ಟುತ್ತದೆ.

ಇಲ್ಲಿ ಹಕ್ಕಿನ ಭಂಗ ಬೇರೆ, ನಷ್ಟ ಬೇರೆ ಎಂಬುದನ್ನು ಮೊದಲು ಗ್ರಹಿಸಬೇಕು. ನಷ್ಟವಿಲ್ಲದಿದ್ದರೂ ಹಕ್ಕಿನ ಭಂಗವಾಗಬಹುದು. ಇಂಗ್ಲೆಂಡಿನಲ್ಲಿ ಆಶ್ಬಿ ಎಂಬ ಮತದಾರನಿಗೆ ಚುನಾವಣೆಯ ಅಧಿಕಾರಿಯು ಮತ ಹಾಕಲು ಬಿಡಲಿಲ್ಲ. ಅವನು ಬಯಸಿದ ಉಮೇದುವಾರನೇ ಗೆದ್ದನಾದರೂ, ಹಕ್ಕು ಭಂಗವಾದುದರಿಂದ ಪರಿಹಾರಕ್ಕೆ ಅವನು ಅರ್ಹನೆಂದು 1703ರಲ್ಲಿ ತೀರ್ಮಾನವಾಯಿತು. ಇದಕ್ಕೆ ವಿರುದ್ಧವಾಗಿ, ಹಕ್ಕಿನ ಭಂಗವಿಲ್ಲದೆಯೇ ದೊಡ್ಡ ನಷ್ಟವೂ ಉಂಟಾಗಬಹುದು. ಇದಕ್ಕೆ ಹಳೆಯ ನಿದರ್ಶನವು ಶಾಲೆಯೊಂದರದೇ ಆಗಿರುವುದು ಉಪಾಧ್ಯಾಯವರ್ಗಕ್ಕೆ ಕುತೂಹಲಕಾರಿಯಾದೀತು. ಗ್ಲಾಸ್ಟರ್ ಪಟ್ಟಣದಲ್ಲಿ ವ್ಯಾಕರಣಶಾಲೆಯೊಂದನ್ನು ನಡೆಸುತ್ತಿದ್ದ ಇಬ್ಬರು ಗುರುಗಳಿಗೆ ಎದುರಾಗಿ ಮತ್ತೊಬ್ಬನು ಹೊಸ ಶಾಲೆಯನ್ನು ತೆರೆದನು. ಮಕ್ಕಳು ಅತ್ತ ಹೋದುದರಿಂದ ಮೊದಲಿನವರು ಮೂರು ತಿಂಗಳಿಗೆ 40 ಪೆನ್ಸ್ ಇದ್ದ ಶುಲ್ಕವನ್ನು 12 ಪೆನ್ಸಿಗೆ ಇಳಿಸಬೇಕಾಯಿತು. ಅವರ ನಷ್ಟ ನಿಜವೇ. ಆದರೆ ಪಾಠ ಹೇಳುವ ಹಕ್ಕು ಎಲ್ಲರಿಗೂ ಉಂಟಾದುದರಿಂದ ಅವರಿಗೆ ಪರಿಹಾರವಿಲ್ಲವೆಂದು 1410ರಲ್ಲಿಯೇ ನ್ಯಾಯಾಲಯವು ಹೇಳಿತು.

ಸಂಕಲ್ಪ ಮತ್ತು ಹೇತು

ಮನಸ್ಸಿನ ವ್ಯಾಪಾರದಲ್ಲಿಯೂ ಎರಡು ಅಂಶಗಳನ್ನು ವಿಂಗಡಿಸಬೇಕು. ‘ಇದನ್ನು ಮಾಡುತ್ತೇನೆ’ ಎಂಬುದು ಸಂಕಲ್ಪ. ‘ಇದಕ್ಕಾಗಿ ಮಾಡುತ್ತೇನೆ’ ಎಂಬುದು ಹೇತು. ಒಬ್ಬನು ಪರರ ಹೊಲವನ್ನು ತಿಳಿದೂ ತಿಳಿದೂ ತುಳಿದು ನಡೆದರೆ ಅವನ ಸಂಕಲ್ಪವು ಹೊಲವನ್ನು ಹೊಗುವುದು. ಅವನು ಶೇಂಗಾ ಕೀಳಲು ಹೊಕ್ಕನೋ, ರೋಗಿಗೆ ಮದ್ದಿನ ಬೇರು ತರಲು ಹೊಕ್ಕನೋ ಎಂಬುದು ಹೇತು. ಹಲವು ಅಪಕೃತ್ಯಗಳಲ್ಲಿ ನ್ಯಾಯವು ಸಂಕಲ್ಪವನ್ನು ವಿಚಾರಿಸುತ್ತದೆ. ಹೇತುವನ್ನು ಮಾತ್ರ ಸಾಮಾನ್ಯವಾಗಿ ಕೇಳುವುದಿಲ್ಲ. ಇದರಿಂದ ಎರಡು ಸೂತ್ರಗಳು ಹೊರಡುತ್ತವೆ: ಹಕ್ಕಿನೊಳಗಿನ ಕೃತಿಯು ಕೆಟ್ಟ ಹೇತುವಿನಿಂದ ಅಪಕೃತ್ಯವಾಗದು, ಹಕ್ಕನ್ನು ಮೀರಿದ ಕೃತಿಯು ಒಳ್ಳೆಯ ಹೇತುವಿನಿಂದ ನಿರ್ದೋಷವಾಗದು.

ಕೆಟ್ಟ ಹೇತು: ಪಿಕಲ್ಸನ ಪ್ರಕರಣ

ಮೊದಲನೆಯ ಸೂತ್ರಕ್ಕೆ ಆಧಾರವಾದ ಮೊಕದ್ದಮೆಯು ನೀರಿನದೇ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರಸಭೆಯು ಕೆಲವು ಊಟೆಗಳಿಂದ ನಗರಕ್ಕೆ ನೀರು ಒದಗಿಸುತ್ತಿದ್ದಿತು. ಆ ಊಟೆಗಳಿಗಿಂತ ಎತ್ತರದಲ್ಲಿ ಭೂಮಿಯಿದ್ದ ಪಿಕಲ್ಸ್ ಎಂಬಾತನು ತನ್ನ ನೆಲದಲ್ಲಿ ಕುಳಿಯನ್ನು ತೋಡಲಾರಂಭಿಸಿದನು. ನೀರು ಕಡಿಮೆಯಾಯಿತು, ಬಣ್ಣಗೆಟ್ಟಿತು. ಕಲ್ಲು ತೆಗೆಯುವುದು ಬರಿಯ ನೆಪ, ನಗರಸಭೆಯು ತನ್ನ ಭೂಮಿಯನ್ನು ತಾನು ಹೇಳಿದ ಬೆಲೆಗೆ ಕೊಳ್ಳುವಂತೆ ಮಾಡುವುದೇ ಅವನ ಗುರಿ ಎಂಬುದು ನಗರಸಭೆಯ ಆರೋಪ. 1895ರಲ್ಲಿ ಪ್ರಭುಸಭೆಯು ಕೊಟ್ಟ ತೀರ್ಪಿನ ತಾತ್ಪರ್ಯವಿಷ್ಟು: ನೆಲದಡಿಯಲ್ಲಿ ಗೊತ್ತಾದ ಪಾತ್ರವಿಲ್ಲದೆ ಜಿನುಗುವ ನೀರನ್ನು ತನ್ನ ಮಿತಿಯಲ್ಲಿ ತೆಗೆದುಕೊಳ್ಳುವ ಹಕ್ಕು ಭೂಮಾಲಿಕನಿಗಿದೆ, ಹಕ್ಕಿದ್ದ ಮೇಲೆ ಹೇತು ಎಷ್ಟೇ ಹೀನವಾಗಿದ್ದರೂ ಕೃತಿಯು ಅಕ್ರಮವಾಗದು.

ಈ ತೀರ್ಪಿಗೆ ಮೊದಲೇ ಆ ಹಕ್ಕು ಈ ನಾಡಿನ ಶಾಸನದಲ್ಲಿ ಅಕ್ಷರರೂಪವನ್ನು ತಾಳಿದ್ದಿತು. 1882ರ ಭಾರತೀಯ ಅನುಭೋಗದ ಹಕ್ಕುಗಳ ಅಧಿನಿಯಮವು ಮೊದಲು ಜಾರಿಗೆ ಬಂದುದು ಮದ್ರಾಸು ಆಧಿಪತ್ಯ, ಮಧ್ಯಪ್ರಾಂತ ಮತ್ತು ಕೊಡಗುಗಳಲ್ಲಿ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದು ತಾಲ್ಲೂಕುಗಳ ಸೀಮೆಯು ಆಗ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದ್ರಾಸು ಆಧಿಪತ್ಯದಲ್ಲಿದ್ದಿತು. ಆ ಅಧಿನಿಯಮದ 7ನೆಯ ಪ್ರಕರಣದ ದೃಷ್ಟಾಂತವೊಂದು, ಸ್ಪಷ್ಟ ಪಾತ್ರದಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಮಿತಿಯೊಳಗೆ ಸಂಗ್ರಹಿಸಿ ವಿನಿಯೋಗಿಸುವ ಹಕ್ಕು ಪ್ರತಿಯೊಬ್ಬ ಭೂಮಾಲಿಕನಿಗೂ ಉಂಟೆಂದು ಹೇಳುತ್ತದೆ. ಆದ್ದರಿಂದ ಮೇಲಿನ ದೃಷ್ಟಾಂತದ ತಮ್ಮನಿಗೆ ಈ ಸೀಮೆಯಲ್ಲಿಯೇ ದೃಢವಾದ ಆಸರೆಯಿದ್ದಿತು. ಆದರೆ ಅದೇ ತಮ್ಮನು ತನ್ನ ಬಾವಿಗೆ ಹೊಲಸನ್ನು ಸುರಿದು ಅಣ್ಣನ ಬಾವಿಯ ನೀರನ್ನು ಕೆಡಿಸಿದ್ದರೆ, ಯಾವ ದ್ವೇಷವೂ ಇಲ್ಲದಿದ್ದಾಗ್ಯೂ ಅದು ಅಪಕೃತ್ಯವಾಗುತ್ತಿದ್ದಿತು. 1885ರ ಆಂಗ್ಲ ತೀರ್ಪೊಂದು ಇದನ್ನು ಸ್ಥಾಪಿಸಿದೆ. ನೀರನ್ನು ಬತ್ತಿಸಿದ ದ್ವೇಷಿಗೆ ಹೊಣೆಯಿಲ್ಲ, ನೀರನ್ನು ಕೆಡಿಸಿದ ಅಮಾಯಕನಿಗೆ ಹೊಣೆಯುಂಟು. ಎರಡು ಕಡೆಯೂ ಪ್ರಶ್ನೆಯೊಂದೇ: ಹಕ್ಕಿನ ಭಂಗವಾಯಿತೇ?

ಸ್ವತಂತ್ರ ಭಾರತದ ನ್ಯಾಯಾಲಯಗಳೂ ಈ ಮಾರ್ಗವನ್ನು ಬಿಟ್ಟಿಲ್ಲ. ಅನುಮತಿಯಿಲ್ಲದೆ ಕಟ್ಟಿದ ಕಟ್ಟಡವನ್ನು ಪುರಾಡಳಿತವು ದ್ವೇಷದಿಂದ ಕೆಡವಿತೆಂಬ ದೂರಿಗೆ ಅಲಹಾಬಾದ್ ಉಚ್ಚ ನ್ಯಾಯಾಲಯವು 1975ರಲ್ಲಿ ಪ್ರಕಟವಾದ ತೀರ್ಪಿನಲ್ಲಿ ಇದೇ ಉತ್ತರವನ್ನು ಕೊಟ್ಟಿತು: ಅಕ್ರಮ ಕಟ್ಟಡವನ್ನು ಉಳಿಸಿಕೊಳ್ಳುವ ಹಕ್ಕೇ ಇಲ್ಲದಿರುವಾಗ, ಕೆಡವಿದವರ ಹೇತುವನ್ನು ಕೆದಕಿ ಫಲವಿಲ್ಲ.

ಒಳ್ಳೆಯ ಹೇತು: ಕಟ್ಟೆಯೂ ಶಾಲೆಯೂ

ಎರಡನೆಯ ಸೂತ್ರಕ್ಕೆ ಆಂಗ್ಲರ ಬಳಿಗೆ ಹೋಗಬೇಕಾಗಿಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಬಾಗಳಿ, ಕುರುವತ್ತಿಗಳ ದೇವಾಲಯಗಳಲ್ಲಿ ಇಂದಿಗೂ ತಮ್ಮ ಶಿಲ್ಪವನ್ನು ಉಳಿಸಿರುವ ಚಾಲುಕ್ಯರ ರಾಜ್ಯದಲ್ಲಿಯೇ ಆ ಗ್ರಂಥ ಹುಟ್ಟಿತು. ಅದರ ಸೀಮಾವಿವಾದ ಪ್ರಕರಣದಲ್ಲಿ ಪರರ ನೆಲದಲ್ಲಿ ಕಟ್ಟಿದ ಒಡ್ಡಿನ ವಿಚಾರ ಬರುತ್ತದೆ. ಕ್ಷೇತ್ರದ ಒಡೆಯನಿಗೆ ತಿಳಿಸದೆ ಅವನ ನೆಲದಲ್ಲಿ ಒಡ್ಡನ್ನು ಕಟ್ಟಿದವನಿಗೆ ಅದರ ಫಲವು ಸಲ್ಲದು. ಅದು ಒಡೆಯನಿಗೂ, ಒಡೆಯನಿಲ್ಲದಿದ್ದರೆ ದೊರೆಗೂ ಸೇರುತ್ತದೆ ಎಂಬುದು ಸ್ಮೃತಿಯ ವಿಧಿ. ಒಡ್ಡು ಕಟ್ಟುವುದು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕೇಳದೆ ಕಟ್ಟಿದವನಿಗೆ ಪುಣ್ಯದ ಮಾತು ರಕ್ಷೆಯಾಗಲಿಲ್ಲ. ಧರ್ಮಕಾರ್ಯಗಳಿಗೆ ಕೈಹಾಕುವ ದಾನಿಗಳೂ ಸಂಸ್ಥೆಗಳೂ ಇಂದಿಗೂ ಇದನ್ನು ನೆನೆಯತಕ್ಕದ್ದು. ಛತ್ರಕ್ಕಾಗಲಿ ಶಾಲೆಯ ಕೊಠಡಿಗಾಗಲಿ ನೆರೆಯವನ ನೆಲದ ಒಂದು ಗೇಣನ್ನು ಸೇರಿಸಿಕೊಂಡರೂ ಅದು ಅತಿಕ್ರಮವೇ.

ಉಪಾಧ್ಯಾಯರಿಗೂ ಈ ಸೂತ್ರ ಅನ್ವಯಿಸುತ್ತದೆ. ತಂದೆಯ ಸ್ಥಾನದಲ್ಲಿರುವ ಗುರುವು ಹಿತವಾದ ಮಟ್ಟಿಗೆ ಶಿಷ್ಯನನ್ನು ದಂಡಿಸಬಹುದೆಂದು ಹಿಂದೆ ನ್ಯಾಯಾಲಯಗಳು ಒಪ್ಪುತ್ತಿದ್ದವು. 2009ರ ಶಿಕ್ಷಣದ ಹಕ್ಕಿನ ಅಧಿನಿಯಮದ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ ಬಳಿಕ, ‘ಹುಡುಗನ ಒಳ್ಳೆಯದಕ್ಕಾಗಿಯೇ ಹೊಡೆದೆ’ ಎಂಬ ಸಮಾಧಾನವು ಸಾಲದು. ಇನ್ನೂ ಕಠೋರವಾದ ಪಾಠವೊಂದು 1995ರಲ್ಲಿ ದೊರೆಯಿತು. ಆ ವರ್ಷದ ಮೇ ತಿಂಗಳಿನಲ್ಲಿ ಪಂಜಾಬಿನ ಶಾಲೆಯೊಂದರಿಂದ ವಿಹಾರಕ್ಕೆಂದು ಬಿಯಾಸ್ ನದಿಯ ತೀರಕ್ಕೆ ಹೋದ ಮಕ್ಕಳಲ್ಲಿ 14 ಮಂದಿ ನೀರುಪಾಲಾದರು. ಕರೆದೊಯ್ದವರಿಗೆ ಮಕ್ಕಳ ಮೇಲೆ ದ್ವೇಷವಿತ್ತೆಂದು ಯಾರೂ ಹೇಳಲಿಲ್ಲ. ಮಕ್ಕಳನ್ನು ನಲಿಸಬೇಕೆಂಬುದೇ ಹೇತು. ಆದರೂ ವಹಿಸಬೇಕಾದ ಎಚ್ಚರವನ್ನು ವಹಿಸಲಿಲ್ಲವೆಂಬ ಕಾರಣಕ್ಕೆ, ಶಾಲೆಯು ಪ್ರತಿ ಮಗುವಿಗೆ 5 ಲಕ್ಷ ರೂಪಾಯಿಗಳಂತೆ ಪರಿಹಾರ ಕೊಡಬೇಕೆಂಬ ಆದೇಶವನ್ನು 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಅಜಾಗರೂಕತೆಯೆಂಬ ಅಪಕೃತ್ಯದಲ್ಲಿ ಅಳೆಯುವುದು ಎಚ್ಚರವನ್ನು, ಪ್ರೀತಿಯನ್ನಲ್ಲ.

ಎಚ್ಚರದ ಈ ಅಳತೆಗೋಲು ಕೆರೆಗಳಿಗೂ ಅನ್ವಯಿಸಿದುದುಂಟು. ತನ್ನ ನೆಲದಲ್ಲಿ ನೀರನ್ನು ಕೂಡಿಟ್ಟವನು, ಅದು ಒಡೆದು ನೆರೆಯವನಿಗೆ ಹಾನಿ ಮಾಡಿದರೆ, ಎಚ್ಚರ ವಹಿಸಿದ್ದರೂ ಹೊಣೆಯೆಂದು ಇಂಗ್ಲೆಂಡಿನಲ್ಲಿ 1868ರಲ್ಲಿ ಸ್ಥಿರಪಟ್ಟಿತು. ಮದ್ರಾಸು ಆಧಿಪತ್ಯದ ಕಾರ್ವೇಟಿನಗರ ಜಮೀನ್ದಾರಿಯ ಎರಡು ಕೆರೆಗಳು ಒಡೆದು ರೈಲ್ವೆ ಕಂಪನಿಯ ಸೇತುವೆಗಳು ಕೊಚ್ಚಿಹೋದಾಗ ಕಂಪನಿಯು ಈ ನಿಯಮವನ್ನೇ ಮುಂದಿಟ್ಟಿತು. 1874ರಲ್ಲಿ ಪ್ರಿವಿ ಕೌನ್ಸಿಲು ಅದನ್ನು ಒಪ್ಪಲಿಲ್ಲ. ಈ ನಾಡಿನ ಕೆರೆಗಳು ಪುರಾತನವಾದವು. ಜನರ ಜೀವನಕ್ಕೆ ಅವಶ್ಯವಾದ ಅವುಗಳನ್ನು ಕಾಪಾಡುವುದು ಜಮೀನ್ದಾರನ ಕರ್ತವ್ಯ. ಅಜಾಗರೂಕತೆ ಸಿದ್ಧವಾಗದಿದ್ದರೆ ಅವನು ಹೊಣೆಯಲ್ಲ ಎಂದು ಅದು ಹೇಳಿತು. ಕೆರೆಯನ್ನು ಕಾಯುವವನಿಗೆ ಇದು ಅಭಯವೂ ಹೌದು, ಎಚ್ಚರಿಕೆಯೂ ಹೌದು: ಒಡ್ಡಿನ ಬಿರುಕನ್ನು ಕಂಡೂ ಸುಮ್ಮನಿದ್ದವನಿಗೆ ಈ ತೀರ್ಪಿನ ನೆರಳು ದೊರೆಯದು.

ಹೇತುವನ್ನು ವಿಚಾರಿಸುವ ಸ್ಥಳಗಳು

ಹೀಗಿದ್ದರೂ ನ್ಯಾಯವು ಎಲ್ಲೆಡೆಯೂ ಮನಸ್ಸಿಗೆ ಕುರುಡಾಗಿಲ್ಲ. ಕೆಲವು ಅಪಕೃತ್ಯಗಳಲ್ಲಿ ಹೇತುವೇ ಪ್ರಧಾನ.

ಮೊದಲನೆಯದು ದ್ವೇಷಪೂರಿತ ಅಭಿಯೋಗ, ಅಂದರೆ ಹಗೆಯಿಂದ ಹೂಡಿದ ಸುಳ್ಳು ಫಿರ್ಯಾದು. ಪರಿಹಾರ ಕೇಳುವವನು ಐದು ಅಂಶಗಳನ್ನು ಸ್ಥಾಪಿಸಬೇಕು: ಎದುರಾಳಿಯೇ ಮೊಕದ್ದಮೆಗೆ ಕಾರಣನಾದುದು, ಅದು ತನ್ನ ಪರವಾಗಿ ಮುಗಿದುದು, ಅದಕ್ಕೆ ಯುಕ್ತವಾದ ಆಧಾರವಿಲ್ಲದಿದ್ದುದು, ಅದರ ಹಿಂದೆ ದ್ವೇಷವಿದ್ದುದು, ತನಗೆ ಹಾನಿಯಾದುದು. ಪೊಲೀಸರ ಹಿಂದೆ ನಿಂತು ಸುಳ್ಳು ಮಾಹಿತಿಯಿಂದ ಪ್ರಕರಣವನ್ನು ನಡೆಸಿದವನೂ ನಿಜವಾದ ಅಭಿಯೋಜಕನಾಗಬಹುದೆಂದು 1908ರಲ್ಲಿ ಭಾರತದ ಮೊಕದ್ದಮೆಯೊಂದರಲ್ಲಿ ಪ್ರಿವಿ ಕೌನ್ಸಿಲು ಹೇಳಿದೆ. ಇಂಥ ದಾವೆಗೆ 1963ರ ಕಾಲಮಿತಿ ಅಧಿನಿಯಮವು ಕೊಟ್ಟಿರುವ ಅವಧಿ ಬಿಡುಗಡೆಯಾದಂದಿನಿಂದ ಒಂದೇ ವರ್ಷ.

ಎರಡನೆಯದು ಮಾನಹಾನಿ. ಕರ್ತವ್ಯವೆಂದು ಒಬ್ಬರ ನಡತೆಯನ್ನು ಕುರಿತು ಬರೆದ ಮಾತಿಗೆ ನ್ಯಾಯವು ರಕ್ಷಣೆ ಕೊಡುತ್ತದೆ. ಮುಖ್ಯೋಪಾಧ್ಯಾಯರು ಹಳೆಯ ಉಪಾಧ್ಯಾಯರೊಬ್ಬರ ಬಗ್ಗೆ ಹೊಸ ಸಂಸ್ಥೆಯವರು ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ, ಅದರಲ್ಲಿ ತಪ್ಪು ನುಸುಳಿದ್ದರೂ ರಕ್ಷಣೆಯುಂಟು. ಹಗೆ ತೀರಿಸಿಕೊಳ್ಳಲು ಬರೆದುದೆಂದು ಸಿದ್ಧವಾದರೆ ಆ ರಕ್ಷಣೆ ಕಳಚಿಬೀಳುತ್ತದೆ.

ಮೂರನೆಯದು ಉಪದ್ರವ. ನೆರೆಮನೆಯ ಸಂಗೀತಪಾಠದಿಂದ ಸಿಡುಕಿದವನೊಬ್ಬನು ಗೋಡೆಯನ್ನು ಬಡಿದು, ಸಿಳ್ಳು ಹಾಕಿ, ಕಿರಿಚಿ ಕಾಡಿದಾಗ, ಅದು ಪೀಡಿಸುವುದಕ್ಕೆಂದೇ ಮಾಡಿದುದೆಂದು 1893ರಲ್ಲಿ ಆಂಗ್ಲ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ನರಿಗಳನ್ನು ಸಾಕುವವನ ನಷ್ಟಕ್ಕೆಂದು ತನ್ನದೇ ನೆಲದಲ್ಲಿ ಬಂದೂಕು ಹಾರಿಸಿದವನೂ 1936ರಲ್ಲಿ ಹೊಣೆಗಾರನಾದನು. ಸದ್ದು ಒಂದು ಮಟ್ಟಿನವರೆಗೆ ಸಹ್ಯ. ಎಲ್ಲಿಯವರೆಗೆಂಬುದನ್ನು ನಿಶ್ಚಯಿಸುವಲ್ಲಿ ಹೇತುವೂ ತಕ್ಕಡಿಗೆ ಬರುತ್ತದೆ. 1707ರ ಮೊಕದ್ದಮೆಯೊಂದರಲ್ಲಿ ಮುಖ್ಯ ನ್ಯಾಯಾಧೀಶ ಹೋಲ್ಟನು ಶಾಲೆಯ ದೃಷ್ಟಾಂತವನ್ನೇ ಎತ್ತಿಕೊಂಡು ಇಲ್ಲಿಯ ಗೆರೆಯನ್ನು ತೋರಿಸಿದನು. ಹೊಸ ಶಾಲೆಯನ್ನು ತೆರೆದು ಹಳೆಯ ಶಾಲೆಯ ಮಕ್ಕಳನ್ನು ಸೆಳೆದರೆ ದೋಷವಿಲ್ಲ. ಬಂದೂಕು ಹಿಡಿದು ದಾರಿಯಲ್ಲಿ ನಿಂತು ಶಾಲೆಗೆ ಹೋಗುವ ಮಕ್ಕಳನ್ನು ಬೆದರಿಸಿದರೆ ಅದು ಅಪಕೃತ್ಯ.

ಪೂರ್ವಪಕ್ಷವೂ ಸಮಾಧಾನವೂ

ಬಾವಿಯ ವಿಷಯದಲ್ಲಿಯೂ ಹೇತುವನ್ನೇಕೆ ವಿಚಾರಿಸಬಾರದು ಎಂಬ ಪೂರ್ವಪಕ್ಷವು ದುರ್ಬಲವಾದುದಲ್ಲ. ತನ್ನ ಹೊಲದ ಏಳಿಗೆಗಾಗಿಯಲ್ಲದೆ ನೆರೆಯವನ ಕೇಡಿಗಾಗಿಯೇ ಅಗೆದವನು ಹೊಣೆಯೆಂದು ರೋಮನ್ ನ್ಯಾಯಪಂಡಿತರು ಎಣಿಸಿದ್ದರು. ಫ್ರಾನ್ಸಿನ ಕೋಲ್ಮಾರ್ ನ್ಯಾಯಾಲಯವು 1855ರಲ್ಲಿ, ನೆರೆಯವನ ಬೆಳಕನ್ನು ತಡೆಯುವುದಕ್ಕೆಂದೇ ಮಾಡಿನ ಮೇಲೆ ಕಟ್ಟಿದ ಹುಸಿ ಹೊಗೆಗೂಡನ್ನು ಕೆಡವಿಸಿತು. 1900ರಲ್ಲಿ ಜಾರಿಗೆ ಬಂದ ಜರ್ಮನಿಯ ಸಿವಿಲ್ ಸಂಹಿತೆಯ 226ನೆಯ ಪ್ರಕರಣವು, ಪರಪೀಡೆಯ ಹೊರತು ಬೇರೆ ಪ್ರಯೋಜನವೇ ಇರಲಾರದ ಹಕ್ಕುಚಲಾವಣೆಯನ್ನು ನಿಷೇಧಿಸಿತು.

ಆಂಗ್ಲ ಮಾರ್ಗದವರ ಸಮಾಧಾನವೂ ತೂಕವುಳ್ಳದ್ದೇ. ಮನುಷ್ಯನ ಹೇತು ಒಂದೇ ಎಳೆಯದಲ್ಲ. ಕೊಳವೆಬಾವಿ ಕೊರೆಯಿಸಿದವನಲ್ಲಿ ಬೆಳೆಯ ಆಸೆಯೂ ಅಣ್ಣನ ಮೇಲಿನ ಕೋಪವೂ ಕೂಡಿಯೇ ಇರಬಹುದು. ಹೇತುವೇ ಪ್ರಮಾಣವಾದರೆ ಒಂದೇ ಬಾವಿಯು ಸಾಧುವಿನ ಕೈಯಲ್ಲಿ ಸಕ್ರಮ, ಮುಂಗೋಪಿಯ ಕೈಯಲ್ಲಿ ಅಕ್ರಮವಾದೀತು. ಊರಿಗೆ ಬೇಡವಾದವನ ಪ್ರತಿಯೊಂದು ಕಾರ್ಯಕ್ಕೂ ದ್ವೇಷದ ಹೆಸರು ಕಟ್ಟಿ ಅವನನ್ನು ಕೋರ್ಟಿಗೆ ಎಳೆಯುವುದು ಸುಲಭವಾದೀತು. ಮೇಲಾಗಿ ದ್ವೇಷವನ್ನು ಬಾಯಿಬಿಟ್ಟು ಆಡಿದ ದಡ್ಡನು ಸೋತು, ಮೌನವಾಗಿದ್ದ ಕುಟಿಲನು ಗೆದ್ದಾನು.

ಇಲ್ಲಿಯೇ ಇನ್ನೊಂದು ಮಾತನ್ನು ಗಮನಿಸಬೇಕು. ಅಣ್ಣನ ತೋಟವು ಒಣಗಿದುದು ತಮ್ಮನ ದ್ವೇಷದಿಂದಲ್ಲ, ಕೊಳವೆಯ ಆಳದಿಂದ. ದ್ವೇಷವಿಲ್ಲದ ಹತ್ತು ಮಂದಿ ನೆರೆಯವರು ಹತ್ತು ಕೊಳವೆಬಾವಿಗಳನ್ನು ಕೊರೆಯಿಸಿದ್ದರೂ ಆ ಬಾವಿ ಬತ್ತುತ್ತಿದ್ದಿತು. ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಎತ್ತುಗಳ ಬಲವೇ ಮಿತಿಯಾಗಿದ್ದಿತು. ವಿದ್ಯುತ್ ಪಂಪು ಬಂದ ಮೇಲೆ ಆ ಮಿತಿ ಹೋಯಿತು. ಎತ್ತುಗಳ ಕಾಲದಲ್ಲಿ ಸಹ್ಯವಾಗಿದ್ದ ಹಕ್ಕು ಯಂತ್ರದ ಕಾಲದಲ್ಲಿ ನಾಡನ್ನೇ ಒಣಗಿಸಬಲ್ಲದಾಯಿತು. ಆದ್ದರಿಂದ ಕರ್ನಾಟಕದ ಶಾಸನವು ಹೇತುವನ್ನು ಬಿಟ್ಟು ಹಕ್ಕಿಗೇ ಮೇರೆ ಹಾಕಿತು. 1999ರ ಅಧಿನಿಯಮದಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. 2011ರ ಅಂತರ್ಜಲ ಅಧಿನಿಯಮದಂತೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಪ್ರಾಧಿಕಾರದ ಅನುಮತಿ ಬೇಕು. ಅಧಿಸೂಚಿತ ಪ್ರದೇಶದ ಅಣ್ಣನಿಗೆ ಇಂದು ತಮ್ಮನ ಅಂತರಂಗವನ್ನು ಸಾಕ್ಷಿಗಳಿಂದ ಬಗೆದು ತೋರಿಸುವ ಕಷ್ಟವಿಲ್ಲ, ‘ಅನುಮತಿಯಿದೆಯೇ?’ ಎಂದು ಪ್ರಾಧಿಕಾರದ ಮುಂದೆ ಕೇಳಿದರೆ ಸಾಕು.

ಉಪಸಂಹಾರ

ಅನುಮತಿಪತ್ರವಿದ್ದರೂ, ಅಧಿಸೂಚನೆಯಾಗದ ಊರಿನಲ್ಲಿದ್ದರೂ, ದ್ವೇಷಕ್ಕೆ ಒಂದಿಷ್ಟು ಎಡೆ ಉಳಿದೇ ಇರುತ್ತದೆ. ಅಲ್ಲಿ ನ್ಯಾಯಾಲಯವು ಮಾತನಾಡದೆಂಬ ಮಾತ್ರಕ್ಕೆ ಆ ಕೃತಿಯು ಸಾಧುವಾಯಿತೆಂದು ಅರ್ಥವಲ್ಲ. ಅದನ್ನು ತೂಗುವ ಭಾರವು ನೆರೆಹೊರೆಗೂ ಹಿರಿಯರಿಗೂ, ಎಳೆಯರ ಮನಸ್ಸನ್ನು ತಿದ್ದುವ ಗುರುಗಳಿಗೂ ಬಂದಿತೆಂದು ಅರ್ಥ. ಆ ತೂಕಕ್ಕೆ ಬಟ್ಟು ಯಾವುದೆಂದರೆ ಮಿತಾಕ್ಷರೆಯ ಅದೇ ಪ್ರಕರಣದಲ್ಲಿದೆ. ಸ್ವಲ್ಪವೇ ಬಾಧೆಯುಂಟುಮಾಡಿ ಬಹುಜನಕ್ಕೆ ಒಳಿತು ಮಾಡುವ ಒಡ್ಡನ್ನೂ, ಸ್ವಲ್ಪವೇ ನೆಲವನ್ನು ಹಿಡಿದು ಬಹಳ ನೀರು ಕೊಡುವ ಬಾವಿಯನ್ನೂ ಭೂಮಿಯ ಒಡೆಯನು ತಡೆಯಬಾರದೆಂದು ಸ್ಮೃತಿಯು ಹೇಳುತ್ತದೆ. ಬಾಧೆಯೆಷ್ಟು, ಒಳಿತೆಷ್ಟು ಎಂಬ ಈ ಪ್ರಶ್ನೆಯನ್ನು ಕೊಳವೆಬಾವಿಯ ಯಂತ್ರವನ್ನು ಹೊಲಕ್ಕೆ ಕರೆಸುವ ಮುನ್ನ ಕೇಳಿಕೊಂಡು, ಬದುವಿನ ಆಚೆಯವನನ್ನೂ ಒಂದು ಮಾತು ವಿಚಾರಿಸಿದರೆ, ಕೋರ್ಟಿಗೆ ಹೋಗಲಾರದ ವ್ಯಾಜ್ಯವು ಹುಟ್ಟುವ ಮೊದಲೇ ಹೊಲದಲ್ಲಿಯೇ ತೀರಬಹುದು.